ದೀಪ ದೊಡ್ಡದು ಮಾಡು

ನನ್ನ ಅತ್ತಿಗೆಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಮನೆಯ ಸಿಟ್ಟಿನ ಗುತ್ತಿಗೆಯೆಲ್ಲ ನಾದಿನಿಯದು ಎಂದೂ ಸೇರಿಸುತ್ತಾರೆ. ನಾದಿನಿ ಎಂದರೆ ನಾನು. ನನ್ನ ಬಗ್ಗೆ ಅವರು ಹೇಳುವುದು ನಿಜವೇ. ಔಷಧಿ ಅಂಗಡಿಯಲ್ಲಿ ನಿಂತು ದಿನವಿಡೀ ಊರವರ ಕೆಮ್ಮು, ಭೇದಿ, ಗೊಣಗಾಟ ಕೇಳುವವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾಗದೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡದ್ದಕ್ಕೂ ಸಿಟ್ಟೇ ಕಾರಣ, ಅದು ಬೇರೆ ಕಥೆ. ಆದರೆ ಅತ್ತಿಗೆಯ ವಿಷಯದಲ್ಲಿ ಬೀದಿಯವರ ಲೆಕ್ಕ ಪೂರ್ತಿ ತಪ್ಪು. ಅವರಿಗೂ ಸಿಟ್ಟು ಬರುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಅತ್ತಿಗೆ ರಫು ಮಾಡುವವರು. ಹರಿದ, ಸುಟ್ಟ, ಇಲಿ ಕಡಿದ ಬಟ್ಟೆ ತಂದುಕೊಟ್ಟರೆ, ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಬಿಡಿಸಿ, ತೂತಿನ ಮೇಲೆ ಒಂದೊಂದಾಗಿ ಹಾಸಿ, ಅಡ್ಡ ಹೆಣೆದು, ಅಲ್ಲಿ ತೂತಿತ್ತು ಎಂಬುದೇ ತಿಳಿಯದಂತೆ ಮಾಡಿಕೊಡುತ್ತಾರೆ. ಇದಕ್ಕೆ ಹೊಲಿಗೆ ಯಂತ್ರ ಉಪಯೋಗಕ್ಕೆ ಬರುವುದಿಲ್ಲ. ಒಂದು ಸೂಜಿ, ಒಂದು ಸಣ್ಣ ಕತ್ತರಿ, ಮತ್ತೆ ಕಣ್ಣು. ಕೆಲಸ ಮುಗಿದ ಮೇಲೆ ಅವರದೊಂದು ಆಟವಿದೆ. ಗಿರಾಕಿಯ ಕೈಗೆ ಬಟ್ಟೆ ಕೊಟ್ಟು, ತಾವು ಕೈಕಟ್ಟಿ ನಿಂತು, "ಹುಡುಕಿ" ಎನ್ನುತ್ತಾರೆ. ಗಿರಾಕಿ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಸೋತು ನಗುತ್ತಾನೆ. ಆಗ ಅತ್ತಿಗೆಯ ಮುಖ ನೋಡಬೇಕು. ಮನೆಯಲ್ಲಿ ಯಾವ ಮಾತಿಗೂ ಅಷ್ಟು ಅರಳದ ಮುಖ ಅದು.

ಅವರ ಮೇಜು ಮುಂದಿನ ಕೋಣೆಯಲ್ಲಿದೆ. ಆ ಕೋಣೆಗೆ ಕಿಟಕಿ ಇದೆ, ಹೆಸರಿಗೆ ಮಾತ್ರ. ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತದೆ. ಹಗಲಲ್ಲೂ ದೀಪ ಹಾಕಿಯೇ ಕೂರಬೇಕು. ಅದಕ್ಕೆಂದೇ ಹಿಂದೆ ಅತ್ತಿಗೆ ತಮ್ಮ ಸ್ವಂತ ದುಡಿಮೆಯಲ್ಲಿ ಮೇಜಿನ ನೇರಕ್ಕೆ ಒಂದು ದೀಪ ಇಳಿಬಿಡಿಸಿ, ಬಾಗಿಲ ಪಕ್ಕದ ಗೋಡೆಗೆ ತಿರುಗಿಸುವ ಡಿಮ್ಮರ್ ಹಾಕಿಸಿಕೊಂಡಿದ್ದರು. ಎಳೆ ಹೆಣೆಯುವಾಗ ಅದನ್ನು ಪೂರ್ತಿ ಏರಿಸುವುದು, ಕಣ್ಣು ದಣಿದಾಗ ಇಳಿಸಿ ಮಂದ ಬೆಳಕಲ್ಲಿ ಒಂದಿಷ್ಟು ಹೊತ್ತು ಸುಮ್ಮನೆ ಕೂರುವುದು, ಮತ್ತೆ ಏರಿಸುವುದು. ಆ ದುಂಡು ಗುಂಡಿಯ ಅಂಚು ಅವರ ಬೆರಳಿಗೇ ಸವೆದಿತ್ತು. "ಊರವರ ಅಂಗಿಗೆಲ್ಲ ಗುಂಡಿ ಹಾಕ್ಕೊಡ್ತೀನಿ, ನನಗೆ ಅಂತ ಇರೋದು ಇದೊಂದೇ ಗುಂಡಿ" ಎಂದು ನಗುತ್ತಿದ್ದರು.

ಅತ್ತಿಗೆಯ ಬಾಯಲ್ಲಿ ದೀಪ ಆರಿಸು, ದೀಪ ನಂದಿಸು ಎಂಬ ಮಾತು ಬರುವುದೇ ಇಲ್ಲ. ಅವರ ತವರಿನಲ್ಲಿ ಅದು ಕೆಟ್ಟ ಮಾತು. ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವುದಿಲ್ಲವೇ, ಹಾಗೆ ದೀಪ ಆರಿಸಬೇಕಾದಾಗ ಅವರು "ದೀಪ ದೊಡ್ಡದು ಮಾಡು" ಎನ್ನುತ್ತಾರೆ. ಚಿಕ್ಕದು ಮಾಡುವ ಕೆಲಸಕ್ಕೆ ದೊಡ್ಡ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ಎಣ್ಣೆಯ ದೀಪಕ್ಕೂ ಹಾಗೇ ಅಂದರು, ಕರೆಂಟಿನ ದೀಪಕ್ಕೂ ಹಾಗೇ ಅಂದರು. ನಮಗೂ ಅಭ್ಯಾಸವಾಯಿತು. "ಮಲಗ್ತೀನಿ, ದೀಪ ದೊಡ್ಡದು ಮಾಡು" ಎಂದರೆ ನಮ್ಮ ಮನೆಯಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ತಪ್ಪು ತಿಳಿಯುವ ಸಾಮಾನನ್ನು ಮನೆಗೆ ತಂದವನು ನನ್ನಣ್ಣ.

ಅಣ್ಣ ದೊಡ್ಡದೊಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ಬಾಯಿ ಅಂದರೆ ಬಾಯಿ. ಫ್ಯಾನು ಕೊಳ್ಳಲು ಬಂದವನಿಗೆ ಗೀಸರ್ ಕಟ್ಟಿ ಕಳಿಸುವ ಆಸಾಮಿ. ಅಂಗಡಿಗೆ ಹೊಸದು ಏನು ಬಂದರೂ ಅದರ ಒಂದು ಮರಿ ನಮ್ಮ ಮನೆಗೂ ಬರುತ್ತದೆ. ಒಂದು ದಿನ ಸ್ಮಾರ್ಟ್ ಬಲ್ಬುಗಳ ಚೀಲ ಹಿಡಿದು ಬಂದ. ಜೊತೆಗೆ ಮಾತು ಕೇಳಿ ಕೆಲಸ ಮಾಡುವ ಒಂದು ಡಬ್ಬಿ. ಮನೆಯಲ್ಲಿದ್ದ ದೀಪಗಳನ್ನೆಲ್ಲ ಕಿತ್ತು ಇವನ್ನು ಹಾಕಿದ. ಬೆಳಕು ಹೆಚ್ಚು, ಕಡಿಮೆ, ಹಳದಿ, ಬಿಳಿ, ನೀಲಿ, ಎಲ್ಲವೂ ಅವನ ಫೋನಿನಲ್ಲಿ. ಇಲ್ಲವೇ ಡಬ್ಬಿಗೆ ಬಾಯಿಬಿಟ್ಟು ಹೇಳಬೇಕು.

ಅತ್ತಿಗೆ ಕೇಳಿದ್ದು ಒಂದೇ ಮಾತು. "ನನ್ನ ಮೇಜಿನ ದೀಪ ಬಿಟ್ಬಿಡಿ, ಅದು ಸರಿಯಾಗೇ ಇದೆ."

"ಮನೆಯೆಲ್ಲ ಒಂದು ಥರ, ಮುಂದಿನ ರೂಮೊಂದು ಇನ್ನೊಂದು ಥರ ಇದ್ರೆ ಬಂದವರು ಏನಂದ್ಕೋತಾರೆ?" ಎಂದ ಅಣ್ಣ. ಬಂದವರು ಏನಂದುಕೊಳ್ಳುತ್ತಾರೆ ಎಂಬುದೇ ಅವನಿಗೆ ದೊಡ್ಡ ವಿಷಯ. ಮುಂದಿನ ಕೋಣೆಯಲ್ಲಿ ಹರಿದ ಬಟ್ಟೆಯ ರಾಶಿ ಇರುವುದು, ಗಿರಾಕಿಗಳು ಬಂದು ಕೂರುವುದು, ಇದೆಲ್ಲ ಅವನಿಗೆ ಯಾವತ್ತೂ ಗಂಟಲಲ್ಲಿ ಸಿಕ್ಕಿದ ಮುಳ್ಳೇ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಮೊದಲ ದಿನವೇ ರಗಳೆ ಶುರುವಾಯಿತು. ಅತ್ತಿಗೆ ಅಭ್ಯಾಸಬಲದಿಂದ ಗೋಡೆಯ ಗುಂಡಿ ತಿರುಗಿಸಿದರು. ಹೊಸ ಬಲ್ಬು ಪಟಪಟ ಮಿಟುಕಿ, ಗುಂಯ್ ಎಂದು ಸದ್ದು ಮಾಡಿ, ಅಣ್ಣನ ಫೋನಿನಿಂದ ಮಾಯವಾಯಿತು. ಅವನು ಅಂಗಡಿಯಿಂದಲೇ ಫೋನ್ ಮಾಡಿ ಕೂಗಾಡಿದ. "ಗೋಡೆ ಮೇಲಿನದನ್ನ ಮುಟ್ಟಿದ್ಯಾರು? ಅದಕ್ಕೆ ಯಾವಾಗ್ಲೂ ಕರೆಂಟ್ ಇರ್ಬೇಕು ಅಂತ ಹೇಳಿರ್ಲಿಲ್ವಾ?" ಸಂಜೆ ಬಂದವನು ಆ ಗುಂಡಿ ಎಲ್ಲಿಗೆ ನಿಂತಿತ್ತೋ ಅಲ್ಲಿಗೇ, ಪೂರ್ತಿಗಿಂತ ಕೊಂಚ ಕೆಳಗೆ, ಕಪ್ಪು ಟೇಪು ಸುತ್ತಿ ಬಿಗಿದ. ಬಲ್ಬಿಗೆ ಮತ್ತೆ ಫೋನಿನ ಪರಿಚಯ ಮಾಡಿಸಿದ. "ಇನ್ಮೇಲೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ" ಎಂದ. ಹೆಂಡತಿಯ ಬೆರಳಿಗೆ ಸವೆದ ಗುಂಡಿಗೆ ಅವಳ ಎದುರಿಗೇ ಟೇಪು ಸುತ್ತುವಾಗ ಅವನ ಕೈ ಒಂದಿಷ್ಟಾದರೂ ತಡೆಯಿತೇ? ಇಲ್ಲ. ಹಲ್ಲಲ್ಲಿ ಕಚ್ಚಿ ಟೇಪು ಹರಿದ.

ಆಮೇಲೆ ಡಬ್ಬಿಯ ತಮಾಷೆ. ಅತ್ತಿಗೆ ಕಣ್ಣು ದಣಿದು ಡಬ್ಬಿಗೆ ಹೇಳಿದರು, "ದೀಪ ದೊಡ್ಡದು ಮಾಡು." ಡಬ್ಬಿ "ಆಯಿತು" ಎಂದು ಬೆಳಕನ್ನು ಪೂರ್ತಿ ಏರಿಸಿತು. ಅತ್ತಿಗೆ ಕಣ್ಣು ಮುಚ್ಚಿಕೊಂಡು ಮತ್ತೆ ಅದನ್ನೇ ಹೇಳಿದರು. ಅದು ಇನ್ನೂ ಎಲ್ಲಿಗೆ ಏರಿಸಲಿ? "ದೀಪ ಈಗಾಗಲೇ ಪೂರ್ತಿ ಬೆಳಗುತ್ತಿದೆ" ಎಂದಿತು. ನನಗೂ ಮೊದಲ ಸಲ ನಗು ಬಂತು, ಅತ್ತಿಗೆಯೂ ನಕ್ಕರು. ಆದರೆ ಅಣ್ಣ ಅದನ್ನು ಆಟದ ಸಾಮಾನು ಮಾಡಿಕೊಂಡ. ಮನೆಗೆ ಯಾರು ಬಂದರೂ ಚಹಾ ಕುಡಿಯುವ ಮೊದಲೇ, "ನಮ್ಮವಳು ದೀಪ ಆರಿಸೋದು ಹೇಗೆ ಗೊತ್ತಾ? ಏ, ಹೇಳೇ ಒಂದ್ಸಲ" ಎನ್ನುತ್ತಿದ್ದ. ಅತ್ತಿಗೆ ಹೇಳದಿದ್ದರೆ ತಾನೇ ಅವರ ದನಿ ಮಾಡಿ ಹೇಳುತ್ತಿದ್ದ. ಅವನ ಅಂಗಡಿಯ ಯಜಮಾನರು ಹೆಂಡತಿಯ ಜೊತೆ ಬಂದಾಗಲಂತೂ ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು. ಅತ್ತಿಗೆ ಲೋಟ ಎತ್ತಿಕೊಂಡು ಒಳಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ತವರಿನಿಂದ ತಂದ ಮಾತನ್ನು ಹೀಗೆ ನಾಲ್ಕು ಜನರ ಮುಂದೆ ಕುಣಿಸಲು ಅವನ್ಯಾರು?

ಇಷ್ಟೇ ಆಗಿದ್ದರೆ ನಾನೊಂದು ಜಗಳ ಮಾಡಿ ಮರೆಯುತ್ತಿದ್ದೆ. ಆದರೆ ಅತ್ತಿಗೆಯ ಕಣ್ಣು ಕೆಡತೊಡಗಿತು.

ಸೂಜಿ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೇ ಹಣೆ ಒತ್ತಿಕೊಳ್ಳುತ್ತಿದ್ದರು. "ಸೂಜಿ ಚಿಮ್ಮಿದ ಹಾಗೆ ಕಾಣುತ್ತೆ ಕಣೇ" ಎಂದರು ಒಮ್ಮೆ. "ಇಲ್ಲಿದೆ ಅಂತ ಎಳೆ ಹಿಡಿಯೋಕೆ ಹೋದ್ರೆ ಅದು ಪಕ್ಕಕ್ಕಿರುತ್ತೆ." ನಾನು ತಲೆನೋವಿನ ಮಾತ್ರೆ ತಂದುಕೊಟ್ಟೆ, ಕಣ್ಣಿಗೆ ಹಾಕುವ ಹನಿ ತಂದುಕೊಟ್ಟೆ. ಅಣ್ಣ ಊಟ ಮಾಡುತ್ತಲೇ ತೀರ್ಪು ಕೊಟ್ಟ. "ವಯಸ್ಸಾಯ್ತಲ್ಲ, ಕಣ್ಣು ಹೋಗುತ್ತೆ. ಎಷ್ಟು ದಿನ ಅಂತ ಹರಿದ ಬಟ್ಟೆ ನೋಡ್ಕೊಂಡು ಕೂತಿರ್ತೀಯ? ಸಾಕು ಬಿಡು." ಎಂಥ ಕಾಳಜಿಯ ದನಿ! ನಾನು ಕೂಡ ಅದನ್ನು ಕಾಳಜಿ ಎಂದೇ ತಿಳಿದೆ.

ಕಣ್ಣಿನ ಡಾಕ್ಟರು ಅಕ್ಷರ ಓದಿಸಿದರು, ದೀಪ ಬಿಟ್ಟು ನೋಡಿದರು, ಕಣ್ಣಿಗೆ ಏನೂ ಆಗಿಲ್ಲ ಎಂದರು. ಸಮಾಧಾನವಾಗಬೇಕಿತ್ತು. ಅತ್ತಿಗೆಗೆ ಇನ್ನೂ ಭಯವಾಯಿತು. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡು, "ಕಣ್ಣಲ್ಲ ಅಂದ್ರೆ ತಲೇನೇ ಇರ್ಬೇಕು. ಇಲ್ಲಾಂದ್ರೆ ಕೈ ನಡುಗ್ತಿರ್ಬೇಕು, ನನಗೆ ಗೊತ್ತಾಗ್ತಿಲ್ಲ" ಎಂದರು. ಒಂದು ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಕೂತು ಒಂದು ಕಾಲರ್ ಸರಿಮಾಡಿದರು, ಸಲೀಸಾಗಿ ಬಂತು. ಅದಕ್ಕೂ "ಇವತ್ತು ಯಾಕೋ ಕಣ್ಣು ಚೆನ್ನಾಗಿದೆ" ಎಂದುಕೊಂಡರೇ ಹೊರತು ದೀಪದ ಮೇಲೆ ಅನುಮಾನ ಬರಲಿಲ್ಲ. ನೋಡುವವರ ಕಣ್ಣಿಗೆ ದೀಪ ನೆಟ್ಟಗೇ ಉರಿಯುತ್ತಿತ್ತು, ಅನುಮಾನ ಯಾರಿಗೆ ತಾನೇ ಬರುತ್ತದೆ?

ಕೊನೆಗೆ ವಕೀಲರ ಕೋಟು. ಬೀದಿಯ ತುದಿಯ ಮನೆಯ ವಕೀಲರು, ಹೆಂಗಸು, ಅತ್ತಿಗೆಯ ಹಳೆಯ ಗಿರಾಕಿ. ಅವರ ಕಪ್ಪು ಕೋಟಿನ ಮೊಣಕೈ ಮೊಳೆಗೆ ಸಿಕ್ಕಿ ಹರಿದಿತ್ತು. ಕಪ್ಪಿನ ಮೇಲೆ ಕಪ್ಪು ಎಳೆ ಹೆಣೆಯುವುದು ರಫುವಿನಲ್ಲೇ ಕಷ್ಟದ ಕೆಲಸ. ಅತ್ತಿಗೆ ಹಲ್ಲು ಕಚ್ಚಿಕೊಂಡು, ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಬಿಚ್ಚಿ, ಹೇಗೋ ಮುಗಿಸಿದರು. ವಕೀಲರು ಬಂದಾಗ ಕೋಟು ಕೊಟ್ಟರು, ಆದರೆ "ಹುಡುಕಿ" ಎನ್ನಲಿಲ್ಲ. ವಕೀಲರೇ ನಗುತ್ತ, "ಏನು, ಇವತ್ತು ಹುಡುಕಿ ಅನ್ನಲ್ವಾ?" ಎಂದು ಕೋಟಿನ ಮೇಲೆ ಕೈಯಾಡಿಸಿದರು. ಬೆರಳು ನೇರ ಹೋಗಿ ಅಲ್ಲೇ ನಿಂತಿತು. "ಇಲ್ಲೇ ಅಲ್ವಾ?" ಎಂದರು. ಪಾಪ, ಅವರೇನೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

ಅತ್ತಿಗೆ ಕೋಟಿಗೆ ಏನೂ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನದಿಂದ ಬಂದ ಬಟ್ಟೆಗಳನ್ನೆಲ್ಲ ವಾಪಸು ಕೊಡತೊಡಗಿದರು. "ನನ್ನ ಕಣ್ಣು ಹೋಗಿದೆ, ಬೇರೆ ಕಡೆ ಕೊಡಿ" ಎಂದು ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಹೇಳಿದರು. ಅಣ್ಣ ಪಕ್ಕದಲ್ಲೇ ಕೂತು ಫೋನು ಒತ್ತುತ್ತ ಅದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಮೇಜು ಎತ್ತಿಸಿ ಆ ಜಾಗದಲ್ಲಿ ಸೋಫಾ ಹಾಕಿಸುವ ಮಾತು ತೆಗೆದ. ಅತ್ತಿಗೆ ಸೂಜಿಗಳ ಡಬ್ಬಿಯನ್ನು ಬೀರುವಿನ ಒಳಗಿಟ್ಟು ಬೀಗ ಹಾಕಿದರು.

ಇನ್ನು ಅಂಗಡಿಯ ವಿಷಯ. ಅದನ್ನು ನೆನೆದರೆ ಈಗಲೂ ನನ್ನ ಕೈ ಬಿಸಿಯಾಗುತ್ತದೆ.

ಅಂದು ಅಣ್ಣ ಊಟದ ಡಬ್ಬಿ ಮರೆತು ಹೋಗಿದ್ದ. ನನಗೆ ರಜೆ. ಅತ್ತಿಗೆ ಹೇಳಿದರೆಂದು ಡಬ್ಬಿ ಹಿಡಿದು ಅವನ ಅಂಗಡಿಗೆ ಹೋದೆ. ಅವನು ಗಿರಾಕಿಯ ಜೊತೆ ಮಾತಾಡುತ್ತಿದ್ದ. ಮುಗಿಯಲಿ ಎಂದು ಪೆಟ್ಟಿಗೆಗಳನ್ನು ಜೋಡಿಸಿದ ಅಟ್ಟಣೆಯ ಹಿಂದೆ ನಿಂತೆ. ಗಿರಾಕಿ ವಯಸ್ಸಾದವರು, ನಮ್ಮ ಮನೆಯಲ್ಲಿರುವಂಥದೇ ಬಲ್ಬನ್ನು ಕೈಯಲ್ಲಿ ಹಿಡಿದಿದ್ದರು.

"ಒಂದು ಮಾತು ಕೇಳ್ತೀನಿ ಸಾರ್" ಎಂದ ಅಣ್ಣ, ಜೇನು ಸುರಿಯುವ ದನಿಯಲ್ಲಿ. "ಗೋಡೆ ಮೇಲೆ ತಿರುಗಿಸೋ ಹಳೇ ಡಿಮ್ಮರ್ ಏನಾದ್ರೂ ಇದೆಯಾ? ಇದ್ರೆ ಮೊದ್ಲು ತೆಗೆಸಿ. ಅದೂ ಬೆಳಕು ತಗ್ಗಿಸುತ್ತೆ, ಬಲ್ಬೂ ತಗ್ಗಿಸುತ್ತೆ, ಎರಡಕ್ಕೂ ಜಗಳ. ಬೆಳಕು ಒಳಗೊಳಗೇ ನಡುಗ್ತಿರುತ್ತೆ. ಸುಮ್ನೆ ನೋಡಿದ್ರೆ ಗೊತ್ತಾಗಲ್ಲ. ಕೆಳಗೆ ಹೀಗೆ ಬೆರಳು ಬಿಡಿಸಿ ಜೋರಾಗಿ ಆಡ್ಸಿ, ಒಂದು ಬೆರಳು ನಾಲ್ಕು ಬೆರಳಾಗಿ ಕಾಣುತ್ತೆ. ತಲೆನೋವು ಬರುತ್ತೆ ಸಾರ್. ಮನೇಲಿ ಹೊಲಿಗೆ ಗಿಲಿಗೆ ಮಾಡೋರು ಯಾರಾದ್ರೂ ಇದ್ದಾರಾ?"

"ಇಲ್ಲಪ್ಪ."

"ಇದ್ದಿದ್ರೆ ಅವರ ಕಣ್ಣಿಗೆ ಕಷ್ಟ. ಅದಕ್ಕೇ ಕೇಳ್ದೆ. ಹಿಂದೊಬ್ರು ಇದೇ ಕಂಪ್ಲೇಂಟ್ ತಂದಿದ್ರು."

ಯಾರೋ ದಾರಿಹೋಕರ ಮನೆಯಲ್ಲಿ, ಇಲ್ಲದ ಹೊಲಿಗೆಯವರ ಕಣ್ಣಿಗೆ ಇವನಿಗೆ ಇಷ್ಟು ಮರುಕ! ನಾನು ಅಟ್ಟಣೆಯ ಹಿಂದಿನಿಂದ ಹೊರಗೆ ಬಂದೆ.

"ನಮ್ಮನೇಲಿ ಒಬ್ರಿದ್ದಾರೆ ನೋಡು, ಹೊಲಿಗೆ ಗಿಲಿಗೆ ಮಾಡೋರು" ಎಂದೆ.

ಅಣ್ಣನ ಮುಖ ಬಿಳುಚಿಕೊಂಡಿತು. "ಏ, ನೀನ್ಯಾವಾಗ ಬಂದೆ?"

"ಬೆರಳು ಆಡ್ಸೋಕೆ ಮೊದ್ಲೇ ಬಂದೆ. ಅತ್ತಿಗೆಗೆ ಯಾಕೆ ಹೇಳ್ಲಿಲ್ಲ? ಸೇಲ್ಸ್‌ಮನ್ ಅಂದ್ರೆ ಅಂಗಡಿ ಬಾಗಿಲ ಒಳಗೆ ಮಾತ್ರಾನಾ? ಬೇರೆಯವರ ಕಣ್ಣು ಕಣ್ಣು, ಹೆಂಡತಿ ಕಣ್ಣು ಏನು, ನಿನ್ನ ಅಂಗಡಿ ಹಳೇ ಮಾಲಾ?"

"ಮೆತ್ತಗೆ, ಮೆತ್ತಗೆ ಮಾತಾಡು, ಯಜಮಾನರಿದ್ದಾರೆ."

"ಇರ್ಲಿ, ಅವರಿಗೂ ಕೇಳ್ಲಿ!"

ಮುಖಕ್ಕೆ ಮಂಗಳಾರತಿ ಎತ್ತುವುದು ಎಂದರೇನೆಂದು ಆ ದಿನ ಆ ಅಂಗಡಿಗೆ ಗೊತ್ತಾಯಿತು. ವಯಸ್ಸಾದ ಗಿರಾಕಿ ಬಲ್ಬನ್ನು ಮೆಲ್ಲಗೆ ಕೆಳಗಿಟ್ಟು ಜಾಗ ಖಾಲಿ ಮಾಡಿದರು. ನಾನೂ ಹೊರಟೆ. ಊಟದ ಡಬ್ಬಿಯನ್ನು ಕೊಡಲಿಲ್ಲ, ಹಿಡಿದುಕೊಂಡೇ ವಾಪಸು ಬಂದೆ. ಹಸಿದುಕೊಂಡಿರಲಿ.

ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ, ಅತ್ತಿಗೆಯ ಕೈ ಹಿಡಿದು ಮೇಜಿನ ದೀಪದ ಕೆಳಗೆ ನಿಲ್ಲಿಸಿದೆ. "ಬೆರಳು ಬಿಡಿಸಿ ಆಡ್ಸಿ ಅತ್ತಿಗೆ. ಜೋರಾಗಿ." ಅವರಿಗೆ ನನ್ನ ತಲೆ ಪೂರ್ತಿ ಕೆಟ್ಟಿದೆ ಅನಿಸಿರಬೇಕು. ಆದರೂ ಆಡಿಸಿದರು. ಬೆರಳುಗಳು ಕಡಿದು ಕಡಿದು ಕಂಡವು, ಒಂದರ ಪಕ್ಕ ಒಂದು, ಲೆಕ್ಕಕ್ಕೆ ಸಿಗದಷ್ಟು. ನಾನೂ ಆಡಿಸಿದೆ, ನನ್ನದೂ ಹಾಗೇ ಕಂಡಿತು. ಆಮೇಲೆ ಅಡುಗೆಮನೆಯ ದೀಪದ ಕೆಳಗೆ ಕರೆದೊಯ್ದೆ. ಅಲ್ಲಿ ಗೋಡೆಯಲ್ಲಿ ಹಳೆಯ ಡಿಮ್ಮರ್ ಇಲ್ಲ. ಕೈ ಕೈಯಂತೆಯೇ ಕಂಡಿತು. ಅಣ್ಣ ಗಿರಾಕಿಗೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಅವರಿಗೆ ಹೇಳಿದೆ.

ಅತ್ತಿಗೆ ಮತ್ತೆ ಮುಂದಿನ ಕೋಣೆಗೆ ಹೋದರು. ಬೀರು ತೆಗೆದು ಸೂಜಿ ತಂದರು. ದೀಪದ ಕೆಳಗೆ ಅದನ್ನು ಹಿಂದೆ ಮುಂದೆ ಆಡಿಸಿದರು. ಬಹಳ ಹೊತ್ತು ಆಡಿಸಿದರು.

"ಅಂದ್ರೆ ನಡುಗ್ತಿದ್ದಿದ್ದು ಅದು" ಎಂದರು. "ನಾನಲ್ಲ."

ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಗೋಡೆಯ ಹತ್ತಿರ ಹೋಗಿ ಟೇಪಿನ ತುದಿ ಹುಡುಕಿ ಉಗುರು ಹಾಕಿ ಎಳೆದರು. ಅದು ಪರಪರ ಎಂದು ಸುತ್ತು ಬಿಚ್ಚಿಕೊಂಡು ಬಂತು. ಅದನ್ನು ಮುದ್ದೆ ಮಾಡಿ ಕೈಯಲ್ಲೇ ಇಟ್ಟುಕೊಂಡು, ಗಂಡ ಬರುವವರೆಗೆ ಮೇಜಿನ ಮುಂದೆ ಕೂತರು.

ಅಣ್ಣ ಸಂಜೆ ಬಾಲ ಮುದುರಿಕೊಂಡು ಬಂದ. ಬಂದವನೇ ನನ್ನ ಮೇಲೆ ಹಾಯಲು ನೋಡಿದ. "ಅಂಗಡೀಲಿ ನನ್ನ ಮಾನ ಹರಾಜು ಹಾಕ್ಬಿಟ್ಟೆಯಲ್ಲ..."

"ಅವಳ ಜೊತೆ ಆಮೇಲೆ ಮಾತಾಡಿ" ಎಂದರು ಅತ್ತಿಗೆ. "ನಿಮಗೆ ಗೊತ್ತಿತ್ತಾ?"

"ಏನು?"

"ದೀಪ ನಡುಗ್ತಿದೆ ಅಂತ."

ಅಣ್ಣ ಫೋನನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. "ಹಾಕುವಾಗ ಗೊತ್ತಿರ್ಲಿಲ್ಲ. ನಿನ್ನಾಣೆ. ಆಮೇಲೆ ಅಂಗಡೀಲಿ ಒಬ್ರು ಬಂದು ಹೇಳಿದ್ಮೇಲೆ ಗೊತ್ತಾಯ್ತು."

"ಕೋಟು ಕೊಡೋಕೆ ಮೊದ್ಲಾ, ಆಮೇಲಾ?"

ಅವನು ಚಪ್ಪಲಿ ಬಿಡಲು ಬಗ್ಗಿದ.

"ಕೇಳ್ತಿದ್ದೀನಿ."

"ಮೊದ್ಲೇ ಇರ್ಬೇಕು" ಎಂದ ನೆಲ ನೋಡುತ್ತ. "ಅಷ್ಟರಲ್ಲಿ ನೀನೇ ಬೇಸತ್ತಿದ್ದೆ. ಬಿಡ್ತೀಯಲ್ಲ, ಬಿಟ್ರೆ ಒಳ್ಳೇದೇ ಆಯ್ತು, ಮನೆನೂ ಚೊಕ್ಕಟ ಇರುತ್ತೆ ಅಂತ... ಒಂದು ಬಲ್ಬಿನ ವಿಷಯ, ಅದಕ್ಯಾಕೆ ಇಷ್ಟೆಲ್ಲ?"

ಅತ್ತಿಗೆ ಎದ್ದು ನಿಂತರು. ಅಷ್ಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ಆಗಲೂ ತುಂಬ ಏರಲಿಲ್ಲ, ಆದರೆ ಪ್ರತಿಯೊಂದು ಮಾತೂ ನೆಟ್ಟಗೆ ಹೋಗಿ ನಾಟಿತು.

"ನನ್ನ ಕಣ್ಣು ಹೋಗಿದೆ ಅಂತ ಈ ಬಾಗಿಲಲ್ಲಿ ನಿಂತ್ಕೊಂಡು ನನ್ನ ಬಾಯಿಂದ ನಾನೇ ಹೇಳ್ದೆ. ನೀವು ಅಲ್ಲಿ ಕೂತ್ಕೊಂಡು ಕೇಳ್ತಿದ್ರಿ. ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ ಕಣ್ರೀ. ಬೆಳಗಾದ್ರೆ ಕೈ ಮುಂದೆ ಚಾಚಿ ನಡುಗ್ತಿದೆಯಾ ಅಂತ ನೋಡ್ಕೋತಿದ್ದೆ. ಅದನ್ನೂ ನೋಡಿದ್ರಿ. ಇಷ್ಟು ಮಾಡಿ ಬಲ್ಬಿನ ವಿಷಯ ಅಂತೀರಾ?" ಮುದ್ದೆ ಮಾಡಿದ ಟೇಪನ್ನು ಅವನ ಅಂಗಿಯ ಜೇಬಿಗೆ ತುರುಕಿದರು. "ಸೋಫಾ ಬೇಡ. ಮೇಜು ಇಲ್ಲೇ ಇರುತ್ತೆ. ನಾಳೆ ಎಲೆಕ್ಟ್ರೀಷಿಯನ್ ಕರ್ಕೊಂಡು ಬನ್ನಿ."

"ಹಳೇ ಬಲ್ಬೇ ಹಾಕಿಸ್ಲಾ?"

ನಾನು ಹೌದು ಎನ್ನಬೇಕೆಂದಿದ್ದೆ. ಅತ್ತಿಗೆ ಬೇಡ ಎಂದರು. "ಈ ಬಲ್ಬಿನ ಬೆಳಕು ಚೆನ್ನಾಗೇ ಇದೆ, ಬಣ್ಣ ಸರಿಯಾಗಿ ಕಾಣುತ್ತೆ. ತಪ್ಪು ಬಲ್ಬಿಂದಲ್ಲ. ಇದಕ್ಕೆ ಹೊಂದೋ ಗುಂಡಿ ನಿಮ್ಮ ಅಂಗಡೀಲಿ ಇರ್ಬೇಕಲ್ಲ, ಅದನ್ನ ತನ್ನಿ."

ಇತ್ತು. ಗೋಡೆಗೆ ಅಂಟಿಸುವ, ತಂತಿಯೇ ಬೇಡದ, ಒಳಗೆ ಸೆಲ್ ಹಾಕುವ ದುಂಡು ಡಿಮ್ಮರ್. ಕರೆಂಟನ್ನು ಅದು ಮುಟ್ಟುವುದಿಲ್ಲ, ಬಲ್ಬಿಗೆ ಏರು ಇಳಿ ಎಂದು ಹೇಳುತ್ತದೆ, ಅಷ್ಟೆ. ಇಷ್ಟು ದಿನವೂ ಅದು ಅಂಗಡಿಯ ಅಟ್ಟಣೆಯ ಮೇಲೇ ಕೂತಿತ್ತು. ಎಲೆಕ್ಟ್ರೀಷಿಯನ್ ಬಂದು ಹಳೆಯ ಡಿಮ್ಮರ್ ಕಿತ್ತು, ಒಳಗಿನ ತಂತಿಗಳನ್ನು ನೇರ ಜೋಡಿಸಿ, ಮೇಲೊಂದು ಬಿಳಿ ಮುಚ್ಚಳ ಹಾಕಿದ. ಕೀಳುವಾಗ ಸುತ್ತಲಿನ ಗಾರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂದು ಗೋಡೆ ಹಾಳಾಗಿ ಕಾಣುತ್ತಿತ್ತು. ಹೊಸ ಗುಂಡಿಯನ್ನು ಅತ್ತಿಗೆ ಮೇಜಿನ ಪಕ್ಕ, ಕೂತಲ್ಲಿಂದಲೇ ಕೈಗೆ ಸಿಗುವ ಎತ್ತರಕ್ಕೆ ಅಂಟಿಸಿಕೊಂಡರು. ಆಮೇಲೆ ಬಲ್ಬನ್ನು ಅಣ್ಣನ ಫೋನಿನಿಂದ ಬಿಡಿಸಿ ತಮ್ಮ ಫೋನಿಗೆ ಹಾಕಿಸಿಕೊಂಡರು. ಈ ದೀಪದ ಮಾಲೀಕರು ಯಾರು ಎಂದು ಫೋನು ಕೇಳಿತು. ಅತ್ತಿಗೆ ನಿಧಾನಕ್ಕೆ, ಒಂದೊಂದೇ ಅಕ್ಷರ ಒತ್ತಿ, ತಮ್ಮ ಹೆಸರು ಬರೆದರು.

ಅಣ್ಣ ಗೋಡೆ ನೋಡಿ ಪೇಚಾಡಿದ. "ಒಂದು ಕೈ ಗಾರೆ ಸವರಿ ಬಣ್ಣ ಹೊಡೆಸಿಬಿಡ್ತೀನಿ, ಗೊತ್ತೇ ಆಗಲ್ಲ."

"ಬೇಡ" ಎಂದರು ಅತ್ತಿಗೆ. "ಕಾಣದ ಹಾಗೆ ಮಾಡೋದೇ ನನ್ನ ಕೆಲಸ. ಇದನ್ನ ಮಾಡಲ್ಲ. ಕಾಣ್ಲಿ."

ಗೋಡೆ ಇವತ್ತಿಗೂ ಹಾಗೇ ಇದೆ.

ಅತ್ತಿಗೆ ಸ್ವತಃ ವಕೀಲರ ಮನೆಗೆ ಹೋಗಿ ಕೋಟು ಇಸಿದುಕೊಂಡು ಬಂದರು. ತಮ್ಮ ಹಳೆಯ ಹೆಣಿಗೆಯನ್ನೆಲ್ಲ ಬಿಚ್ಚಿದರು. ಅದನ್ನು ಮತ್ತೆ ಹೆಣೆಯುತ್ತಿದ್ದ ಒಂದು ಸಂಜೆ, ಅಂಗಡಿಯ ಯಜಮಾನರು ಹೆಂಡತಿಯ ಜೊತೆ ಮತ್ತೆ ನಮ್ಮ ಮನೆಗೆ ಬಂದರು. ಹಿಂದಾಗಿದ್ದರೆ ಅತ್ತಿಗೆ ಕೆಲಸ ಎತ್ತಿಟ್ಟು ಒಳಗೆ ಹೋಗುತ್ತಿದ್ದರು. ಈ ಸಲ, "ಬನ್ನಿ, ಕೂತ್ಕೊಳ್ಳಿ" ಎಂದು ಹೇಳಿ ಸೂಜಿ ಆಡಿಸುತ್ತಲೇ ಕೂತರು. ಚಹಾ ನಾನು ಮಾಡಿದೆ.

ಯಜಮಾನರು ಒಂದು ಗುಟುಕು ಕುಡಿದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಎಲ್ಲಿ ಅಮ್ಮಾವ್ರೇ, ಆ ಡಬ್ಬಿಗೆ ಇನ್ನೊಂದ್ಸಲ ಹೇಳಿ ನೋಡೋಣ. ಹೋದ್ಸಲ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿತ್ತು."

ಅಣ್ಣ ಚಹಾ ಲೋಟದೊಳಗೆ ಏನೋ ಹುಡುಕತೊಡಗಿದ.

"ಡಬ್ಬಿ ಈಗ ಈ ದೀಪ ನೋಡ್ಕೊಳ್ಳಲ್ಲ ಸಾರ್" ಎಂದರು ಅತ್ತಿಗೆ, ಕೋಟಿನಿಂದ ತಲೆ ಎತ್ತದೆ. "ನಾನೇ ನೋಡ್ಕೋತೀನಿ. ಯಾರಿಗಾದ್ರೂ ಏನಾದ್ರೂ ಬೇಕಿದ್ರೆ ನನ್ನನ್ನ ಕೇಳ್ಬೇಕು." ಆಮೇಲೆ ತಲೆ ಎತ್ತಿ ಗಂಡನನ್ನು ನೋಡಿದರು. "ಕೇಳಿ. ಯಜಮಾನರು ಆಸೆ ಪಡ್ತಿದ್ದಾರೆ."

"ಏನಂತ ಕೇಳ್ಲಿ?"

"ನಾನು ಹೇಗೆ ಹೇಳ್ತೀನೋ ಹಾಗೆ. ನಿಮಗೆ ಬಾಯಿಪಾಠ ಇದೆಯಲ್ಲ."

ಅಣ್ಣ ನನ್ನ ಕಡೆ ನೋಡಿದ. ನಾನು ತಟ್ಟೆಯ ಬಿಸ್ಕತ್ತುಗಳನ್ನು ಸರಿಯಾಗಿ ಜೋಡಿಸುವ ಕೆಲಸ ಹಿಡಿದೆ. ಯಜಮಾನರು ಇದೂ ತಮಾಷೆಯ ಭಾಗವೇ ಇರಬೇಕೆಂದು ನಗು ತುಂಬಿಕೊಂಡು ಕಾಯುತ್ತಿದ್ದರು.

"ದೀಪ..." ಎಂದ ಅಣ್ಣ. ಈ ಸಲ ಹೆಂಡತಿಯ ದನಿ ಮಾಡಲಿಲ್ಲ, ಅವನದೇ ದನಿ, ಅದೂ ಒಣಗಿದ್ದು. "ದೀಪ ದೊಡ್ಡದು ಮಾಡು."

ಅತ್ತಿಗೆ ಕೈ ಚಾಚಿ ಗುಂಡಿ ತಿರುಗಿಸಿದರು. ಬೆಳಕು ಮೆಲ್ಲಗೆ ಇಳಿದು ಪೂರ್ತಿ ಹೋಯಿತು. ಆ ಕೋಣೆಗೆ ಅದೊಂದೇ ದೀಪ, ಕಿಟಕಿಯಾಚೆ ಗೋಡೆ. ಯಜಮಾನರ ನಗು ಹೊರಗೆ ಬರಲಿಲ್ಲ. ಅವರ ಹೆಂಡತಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಅತ್ತಿಗೆ ಅವಸರ ಮಾಡಲಿಲ್ಲ.

"ಮನುಷ್ಯರಿಗೆ ಅರ್ಥ ಆಗುತ್ತೆ ಸಾರ್" ಎಂದರು ಕತ್ತಲಲ್ಲೇ, ಯಜಮಾನರಿಗೆ. "ಇವರಿಗೂ ಆಗ್ತಿತ್ತು."

ಆಮೇಲೆ ದೀಪ ಏರಿಸಿ, ಬಿಟ್ಟಲ್ಲಿಂದಲೇ ಎಳೆ ಹಿಡಿದರು. ಬೆಳಗಾದರೆ ವಕೀಲರು ಬರುವವರಿದ್ದರು, ಅವರ ಕೈಗೆ ಕೋಟು ಕೊಟ್ಟು "ಹುಡುಕಿ" ಎನ್ನಬೇಕಿತ್ತು, ಮೊಣಕೈಯಲ್ಲಿ ಇನ್ನೂ ಸ್ವಲ್ಪ ಕೆಲಸ ಉಳಿದಿತ್ತು.